ಕಾಣೆಯಾದ ಎಂಟು ಸಾಲು

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಕಂಟ್ರೋಲ್ ರೂಮಿನ ಗೋಡೆ ಗಡಿಯಾರ ಐದು ನಿಮಿಷ ಮುಂದಿತ್ತು; ನಾನು ಹೇಳುತ್ತಿರುವುದು ಕಂಪ್ಯೂಟರಿನ ಸಮಯ. ಅದನ್ನು ಹೊಂದಿಸಿದ್ದವಳು ನಾನೇ, ಹಾಗಾಗಿ ಅದರ ಮೇಲೆ ನಂಬಿಕೆ. ಹತ್ತು ಹದಿನೇಳಕ್ಕೆ ಪರದೆಯ ಮೂರನೇ ಸಾಲಿನಲ್ಲಿ, ತೊಂಬತ್ತು ಇರಬೇಕಾದ ಜಾಗದಲ್ಲಿ, ಆರುನೂರ ಐವತ್ತೈದು ಬಂದು ಕೂತಿತು. ನಾನು ಮಾನಿಟರ್ ಕೆಟ್ಟಿದೆ ಎಂದುಕೊಂಡು ಅದರ ಪಕ್ಕಕ್ಕೆ ತೋರುಬೆರಳಿನಿಂದ ತಟ್ಟಿದೆ. ಒಂದು ಸಲ, ಎರಡು ಸಲ. ಮೂರನೇ ಸಲ ತಟ್ಟುವಷ್ಟರಲ್ಲಿ ಗಾಜಿನ ಆಚೆ ಮಾದೇವಣ್ಣ ಓಡಲು ಶುರುಮಾಡಿದ್ದರು. ನಾನು ಅಂಕಿ ನೋಡುತ್ತಿದ್ದೆ, ಅವರು ಹೊಗೆ ನೋಡಿದ್ದರು.

ಹೋದ ತಿಂಗಳು ಅಮ್ಮನನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೊರಟಿದ್ದೆ. ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ. ಕಾರು ನಿಲ್ಲಿಸಿಕೊಂಡು ಜನ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಗೊತ್ತಿರುವುದು ಗಿಡದಲ್ಲಿರುವ ಹೂವಿನ ವಾಸನೆ. ಅದೇ ಹೂವನ್ನು ಟನ್ನುಗಟ್ಟಲೆ ತಂದು ಸಿಮೆಂಟಿನ ತೊಟ್ಟಿಯಲ್ಲಿ ತುಳಿದು, ಮೇಲೆ ಟಾರ್ಪಾಲು ಹೊದಿಸಿ ಹದಿನೈದು ದಿನ ಬಿಟ್ಟರೆ ಬರುವ ವಾಸನೆ ಬೇರೆ. ಹುಳಿ ಬಂದ ದೋಸೆ ಹಿಟ್ಟಿಗೆ ಬೆಲ್ಲದ ಪಾಕ ಸುರಿದ ಹಾಗೆ, ಗಂಟಲಿನವರೆಗೆ ಇಳಿಯುವ ವಾಸನೆ. ಹೂವಿನ ಫ್ಯಾಕ್ಟರಿಯೊಂದರ ಮುಂದೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದು ಒಮ್ಮೆಲೇ ಒಳಗೆ ನುಗ್ಗಿತು. “ಯಾಕೆ ಗಿರಿಜಾ, ಕಂಬಿ ಕುಟ್ತಿದ್ದೀಯಾ?” ಎಂದು ಅಮ್ಮ ಕೇಳಿದಾಗ ನೋಡಿಕೊಂಡೆ. ನನ್ನ ತೋರುಬೆರಳು ಮುಂದಿನ ಸೀಟಿನ ಕಂಬಿಯನ್ನು ತಟ್ಟುತ್ತಿತ್ತು. ಒಂದು ಸಲ, ಎರಡು ಸಲ.

ಆ ಹತ್ತು ಹದಿನೇಳು ಎರಡು ಸಾವಿರದ ನಾಲ್ಕರ ಶ್ರಾವಣದ್ದು. ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದ ನಾನು ಚಾಮರಾಜನಗರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ದಿನಕರನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆಗ ಅವನನ್ನು ಸರ್ ಎನ್ನುತ್ತಿದ್ದೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ. ಬಹುವಚನ ಕೊಡಲು ನನ್ನ ಕೈ ಒಪ್ಪುವುದಿಲ್ಲ. ಟಿ.ವಿ., ಯು.ಪಿ.ಎಸ್., ತೂಕದ ಯಂತ್ರ, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದೆವು. ಆ ಆಷಾಢದ ಮೊದಲಲ್ಲಿ ಗುಂಡ್ಲುಪೇಟೆಯ ಹೂವಿನ ಫ್ಯಾಕ್ಟರಿಗೆ ಸಿಡಿಲು ಹೊಡೆದು ಡ್ರೈಯರಿನ ಕಂಟ್ರೋಲ್ ಬೋರ್ಡು ಸುಟ್ಟುಹೋಯಿತು. ಮನೆಯಷ್ಟು ಉದ್ದದ ಕಬ್ಬಿಣದ ಡ್ರಮ್ಮು ಅದು. ತಿರುಗುತ್ತಾ ತಿರುಗುತ್ತಾ, ಹಿಂಡಿದ ಹೂವನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತದೆ. ಯಾವ ಭಾಗದಲ್ಲಿ ಎಷ್ಟು ಬಿಸಿ ಇರಬೇಕು ಎಂದು ಲೆಕ್ಕ ಹಾಕಿ ಗಾಳಿಯ ಬಾಗಿಲನ್ನು ತೆರೆದು ಮುಚ್ಚುತ್ತಿದ್ದದ್ದು ಆ ಬೋರ್ಡು. ಅದನ್ನು ಮಾಡಿದ ಕಂಪನಿ ಮುಚ್ಚಿ ಕಾಲವಾಗಿತ್ತು. ಉಳಿದದ್ದು ಒಂದು ಚಿಪ್ಪು, ಅದರೊಳಗೆ ಪ್ರೋಗ್ರಾಮಿನ ಬರೀ ಅಂಕಿಗಳು.

ಆ ಪ್ರೋಗ್ರಾಮನ್ನು ನೇರವಾಗಿ ಹೊಸ ಕಂಪ್ಯೂಟರಿಗೆ ಹಾಕಿದರೆ ನಡೆಯುವುದಿಲ್ಲ. ಅದು ತನ್ನ ಹಳೆಯ ಬೋರ್ಡಿನ ಭಾಗಗಳನ್ನೇ ಹುಡುಕುತ್ತದೆ. ಹಾಗಾಗಿ ಕಂಪ್ಯೂಟರಿನೊಳಗೆ ಆ ಹಳೆಯ ಪ್ರೊಸೆಸರಿನಂತೆಯೇ ನಟಿಸುವ ಇನ್ನೊಂದು ಪ್ರೋಗ್ರಾಮು ಬರೆಯಬೇಕಿತ್ತು. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಹಳೆಯದು ಒಂದೊಂದು ಆಜ್ಞೆಗೂ ಏನು ಮಾಡುತ್ತಿತ್ತೋ ಇದೂ ಅದನ್ನೇ ಮಾಡಬೇಕು. ಒಪ್ಪಿಕೊಂಡವನು ದಿನಕರ, ಬರೆದವಳು ನಾನು. ಹೂವಿನ ಕಾಲ ಶುರುವಾಗುವುದರೊಳಗೆ ಮುಗಿಯಬೇಕಿತ್ತು. ಆರು ವಾರ ಬೆನ್ನು ಎತ್ತಲಿಲ್ಲ.

ಅದರಲ್ಲಿ ಒಂದು ಭಾಗವನ್ನು ಮಾತ್ರ ಇಲ್ಲಿ ವಿವರಿಸಬೇಕು. ಆ ಪ್ರೊಸೆಸರ್ ಒಬ್ಬ ಅಟೆಂಡರ್ ಎಂದುಕೊಳ್ಳಿ. ಅವನ ಮುಂದೆ ನಾಲ್ಕು ಬೀರು. ಅವಕ್ಕೆ ಸೆಗ್ಮೆಂಟ್ ಎಂದು ಹೆಸರು. ‘ಫೈಲು ತಾ’ ಎಂದರೆ ಅವನು ವಾಡಿಕೆಯ ಬೀರುವಿನಿಂದ ತರುತ್ತಾನೆ. ಆಜ್ಞೆಯ ಮುಂದೆ ಒಂದು ಚಿಕ್ಕ ಚೀಟಿ ಇದ್ದರೆ, ‘ಈ ಸಲಕ್ಕೆ ಮಾತ್ರ ಆ ಇನ್ನೊಂದು ಬೀರುವಿನಿಂದ’ ಎಂದು ಅರ್ಥ. ಇದೇ ಸೆಗ್ಮೆಂಟ್ ಓವರ್‌ರೈಡ್ ಪ್ರಿಫಿಕ್ಸ್. ಆ ಒಂದು ಆಜ್ಞೆ ಮುಗಿದ ಕೂಡಲೇ ಚೀಟಿ ಹರಿದು ಎಸೆಯಬೇಕು. ಆದರೆ ಆಜ್ಞೆ ಉದ್ದ ಇದ್ದರೆ? ‘ಸಾವಿರ ಫೈಲು ಒಂದಾದ ಮೇಲೊಂದು ತಾ’ ಎಂದಿದ್ದು, ನಡುವೆ ಸಾಹೇಬರ ಗಂಟೆ ಬಾರಿಸಿದರೆ? ಅಟೆಂಡರ್ ಎದ್ದು ಹೋಗಿ, ಏನೆಂದು ಕೇಳಿ, ಬಂದು ಉಳಿದ ಫೈಲು ತರಲು ಶುರುಮಾಡುತ್ತಾನೆ. ಆಗ ಚೀಟಿ ಅವನ ಜೇಬಿನಲ್ಲೇ ಇರಬೇಕು. ಇಲ್ಲದಿದ್ದರೆ ಉಳಿದ ಫೈಲುಗಳು ವಾಡಿಕೆಯ ಬೀರುವಿನಿಂದ ಬರುತ್ತವೆ. ಅದೇ ಅರೆ, ಅದೇ ಕ್ರಮಸಂಖ್ಯೆ, ಆದರೆ ಬೇರೆ ಫೈಲು. ತಪ್ಪಾಗಿದೆ ಎಂದು ಅವನಿಗೆ ತಿಳಿಯುವುದೂ ಇಲ್ಲ.

ನಿಜವಾದ ಆ ಹಳೆಯ ಪ್ರೊಸೆಸರಿಗೇ ಈ ಮರೆವಿತ್ತು. ‘ಸಾವಿರ ಸಲ ಮಾಡು’ ಎಂಬ ಚೀಟಿ, ಬೀರುವಿನ ಚೀಟಿ, ಎರಡನ್ನೂ ಒಟ್ಟಿಗೆ ಕೊಟ್ಟರೆ ಗಂಟೆಯಾದಾಗ ಒಂದನ್ನು ಕಳೆದುಕೊಳ್ಳುತ್ತಿತ್ತು. ಪುಸ್ತಕದಲ್ಲಿ ಅದನ್ನು ಓದಿ ನಾನು ಹೆದರಿದ್ದೆ. ಹಳೆಯ ಬೋರ್ಡಿನಲ್ಲಿ ಕೆಲಸ ಕ್ಷಣದಲ್ಲಿ ಮುಗಿಯುತ್ತಿದ್ದರಿಂದ ನಡುವೆ ಗಂಟೆ ಬೀಳುವುದೇ ಅಪರೂಪ. ನಮ್ಮದು ನಿಧಾನ. ಅದಕ್ಕೇ ನಾನು ಎಂಟು ಸಾಲು ಸೇರಿಸಿದೆ: ನಡುವೆ ಎದ್ದು ಹೋದರೆ ಚೀಟಿ ಎಲ್ಲಿಂದ ಶುರುವಾಗಿತ್ತೋ ಅದನ್ನು ಗುರುತಿಟ್ಟುಕೋ, ಬಂದ ಮೇಲೆ ಅಲ್ಲಿಂದಲೇ ಓದು. ಆರು ವಾರದಲ್ಲಿ ನನಗೆ ಹೆಮ್ಮೆ ಎನಿಸಿದ್ದು ಆ ಎಂಟು ಸಾಲಿನ ಬಗ್ಗೆ ಮಾತ್ರ. ಫ್ಲಾಪಿಯ ಮೇಲೆ ನನ್ನ ಕೈಬರಹದಲ್ಲಿ ‘ಗಿರಿಜಾ, ಫೈನಲ್’ ಎಂದು ಬರೆದು ಒಂದು ಶುಕ್ರವಾರ ದಿನಕರನಿಗೆ ಕೊಟ್ಟೆ. ಇನ್ನೊಂದು ಕಾಪಿಯನ್ನು ನನ್ನ ಬಳಿ ಇಟ್ಟುಕೊಂಡೆ. ಸೋಮವಾರ ಅವನು ಅದನ್ನು ಫ್ಯಾಕ್ಟರಿಯ ಕಂಪ್ಯೂಟರಿಗೆ ಹಾಕಿದ.

ಡ್ರೈಯರ್ ನಡೆಸುತ್ತಿದ್ದವರು ಮಾದೇವಣ್ಣ. ಐವತ್ತರ ಹತ್ತಿರದ ವಯಸ್ಸು, ಹಣೆಗೆ ಮೂರು ಬೆರಳಿನ ವಿಭೂತಿ. ಹೂವು ಸುರಿಯುವ ಹೆಂಗಸರಲ್ಲಿ ಅವರ ಹೆಂಡತಿ ಪುಟ್ಟತಾಯಮ್ಮನೂ ಒಬ್ಬರು. ಹೊಸ ಕಂಪ್ಯೂಟರು ಬಂತೆಂದು ಪುಟ್ಟತಾಯಮ್ಮ ವಿಭೂತಿ, ಕುಂಕುಮ, ಹಾರ ಎಲ್ಲ ತಂದಿದ್ದರು.

“ಗಾಜಿನ ಮೇಲೆ ಬಳೀಬೇಡಿ ಪುಟ್ಟತಾಯಮ್ಮ” ಎಂದೆ.

“ಅಂಗಾರೆ ಇದ್ರ ಅಣೆ ಎಲ್ಲದೆ ಏಳವ್ವ, ಅಲ್ಲಿಗೇ ಅಚ್ತೀನಿ” ಎಂದರು. ಎಲ್ಲರೂ ನಕ್ಕರು. ದಿನಕರ ಫ್ಲಾಪಿಯನ್ನು ಹೊರಗೆ ಎಳೆದು, ತಮಾಷೆಗೆ, “ತಗೊಳ್ಳಿ, ಇದರ ಜೀವ ಇರೋದು ಇದರೊಳಗೆ” ಎಂದ. ಪುಟ್ಟತಾಯಮ್ಮ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು, ವಿಭೂತಿ ಹಚ್ಚಿ, ಗೋಡೆಯಲ್ಲಿದ್ದ ಮಾದಪ್ಪನ ಫೋಟೊದ ಹಿಂದೆ ಸಿಕ್ಕಿಸಿದರು. ಜೀವ ಎಂದಮೇಲೆ ಅದನ್ನು ಡ್ರಾಯರಿನಲ್ಲಿ ಎಸೆಯಲಾಗುತ್ತದೆಯೇ?

ಹೊಸ ಹೂವು ತುಂಬಿದಾಗಲೆಲ್ಲ ಶುರುಮಾಡಲು ಒಂದು ಹಸಿರು ಬಟನ್ ಇತ್ತು. ಮಾದೇವಣ್ಣ ಅದನ್ನು ಒಂದು ಸಲ ಒತ್ತಿದವರಲ್ಲ. ‘ಮಾದಪ್ಪಾ, ಮಾದಪ್ಪಾ, ಮಾದಪ್ಪಾ’ ಎನ್ನುತ್ತಾ ಮೂರು ಸಲ ಒತ್ತುವುದು ಅವರ ಇಪ್ಪತ್ತೆರಡು ವರ್ಷದ ರೂಢಿ. ಮೊದಲ ಒತ್ತು ಕೆಲಸ ಶುರುಮಾಡುತ್ತದೆ. ಉಳಿದ ಎರಡು ಬರೀ ಗಂಟೆ ಬಾರಿಸಿದಂತೆ.

“ಅವ್ವಾ, ಇದ್ಕೆ ಮೂರು ಸಲ ಒತ್ತಿದ್ರೆ ಏನಾರ ಆದಾತಾ?” ಎಂದು ಕೇಳಿದರು.

“ಯಾಕೆ ಮೂರು ಸಲ?”

“ಮಾದಪ್ಪನ್ನ ಒಂದು ಸಲ ಕೂಗಿ ಸುಮ್ನಾದೋರ್ನ ನೀನು ಎಲ್ಲಾರ ಕಂಡಿದ್ದೀಯಾ?”

“ನೂರು ಸಲ ಒತ್ತಿ ಮಾದೇವಣ್ಣ, ಏನೂ ಆಗಲ್ಲ” ಎಂದೆ. ನನ್ನ ಎಂಟು ಸಾಲಿನ ಮೇಲೆ ನನಗೆ ಅಷ್ಟು ಭರವಸೆ.

ಹತ್ತು ದಿನ ನಡೆಯಿತು. ನಡುವೆ ಎರಡು ಸಲ ಹೂವು ಒಣಗದೆ ಹಸಿಯಾಗೇ ಹೊರಗೆ ಬಂತಂತೆ. ಮಾದೇವಣ್ಣ ಫೋನ್ ಮಾಡಿಸಿದಾಗ ದಿನಕರ, “ಸೌದೆ ಹಸಿ ಇರಬೇಕು ನೋಡ್ರಿ” ಎಂದು ಇಟ್ಟುಬಿಟ್ಟ. ನನಗೆ ಅನುಮಾನ ಬಂದು, ಹನ್ನೊಂದನೇ ದಿನ ಬೆಳಗಿನ ಬಸ್ಸು ಹಿಡಿದು ನಾನೇ ಹೋದೆ. ಹೊರಗೆ ಸೋನೆ ಮಳೆ. ಹೂವಿನ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ನಿಂತಿದ್ದವು. ಮಾದೇವಣ್ಣ ಮೂರು ಸಲ ಒತ್ತಿ, ನನ್ನ ಕಡೆ ನೋಡಿ ನಕ್ಕು, ಡ್ರಮ್ಮಿನ ಹತ್ತಿರ ಹೋದರು. ಆಮೇಲೆ ಹತ್ತು ಹದಿನೇಳು ಆಯಿತು.

ಡ್ರಮ್ಮಿನ ಕೊನೆಯ ಭಾಗಕ್ಕೆ ಆರುನೂರ ಐವತ್ತೈದು ಡಿಗ್ರಿ ಬೇಕೆಂದು ಕಂಪ್ಯೂಟರ್ ತಿಳಿದಿತ್ತು. ಎಷ್ಟು ಬಿಸಿ ಕೊಟ್ಟರೂ ಸಾಲದು ಎಂದು ಗಾಳಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟಿತು. ಒಣಗಿದ ಚೆಂಡುಹೂವು ಕರ್ಪೂರದ ಹಾಗೆ ಹತ್ತಿಕೊಳ್ಳುತ್ತದೆ. ಮೊದಲು ಬಾಯಿಯಿಂದ ಹಳದಿ ಹೊಗೆ, ಆಮೇಲೆ ಬುಸ್ಸೆಂದು ಕೆಂಡದ ಮಳೆ. “ಆಚೆಗೋಗ್ರಮ್ಮೀ! ಎಲ್ಲಾ ಬುಟ್ಟು ಆಚೆಗೋಗಿ!” ಎಂದು ಮಾದೇವಣ್ಣ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಹದಿನಾಲ್ಕು ಹೆಂಗಸರಿದ್ದರು. ಗಾಳಿಯ ಬಾಗಿಲನ್ನು ಕೈಯಿಂದ ಮುಚ್ಚಲು ಒಂದು ಕಬ್ಬಿಣದ ಹಿಡಿ ಇತ್ತು; ಬಿಸಿಗಾಳಿಯ ಕೊಳವೆಗೆ ಅಂಟಿಕೊಂಡೇ ಇತ್ತು. ಪಕ್ಕದಲ್ಲೇ ಗೋಣಿಚೀಲ ಬಿದ್ದಿತ್ತು, ಸುತ್ತಿಕೊಳ್ಳಲು ಅವರಿಗೆ ಸಮಯ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿ ಹಿಡಿದು ನೇತುಬಿದ್ದು ಎಳೆದರು. ಬಾಗಿಲು ಮುಚ್ಚಿತು. ಹೆಂಗಸರೆಲ್ಲ ಹೊರಗಿದ್ದರು. ಅವರು ಕೈ ಬಿಟ್ಟಾಗ ಹಿಡಿಯ ಮೇಲೆ ಏನೋ ಅಂಟಿಕೊಂಡಿತ್ತು. ಅದೇನೆಂದು ನಾನು ಬರೆಯುವುದಿಲ್ಲ.

ನಾನು ಮಾನಿಟರಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. ಯಾರೋ ಮೇನ್ ಸ್ವಿಚ್ ಎಳೆದರು. ಆರುನೂರ ಐವತ್ತೈದು ಕಣ್ಣ ಮುಂದೆಯೇ ಆರಿಹೋಯಿತು. ಅದನ್ನು ನೋಡಿದವಳು ನಾನೊಬ್ಬಳೇ.

ಎರಡು ಗಂಟೆಯೊಳಗೆ ದಿನಕರ ಬಂದ. ಮಾದೇವಣ್ಣನ ಸ್ಥಿತಿ ಕೇಳುವ ಮೊದಲು ಅವನು ಡ್ರಾಯರ್ ತೆರೆದು ಫ್ಲಾಪಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡ. ಪರದೆಯ ಮೇಲೆ ಕಂಡ ಅಂಕಿಯನ್ನು ನಾನು ಹೇಳಿದಾಗ, “ಗಾಬರೀಲಿ ಏನೇನೋ ಕಾಣ್ತದೆ ಗಿರಿಜಾ. ಯಾರ ಮುಂದೂ ಹೇಳ್ಬೇಡ. ಪ್ರೋಗ್ರಾಮ್ ಬರೆದೋಳು ನೀನು, ನೆನಪಿರಲಿ” ಎಂದ. ಮರುದಿನ ಅವನು ಮ್ಯಾನೇಜರಿಗೆ ವರದಿ ಬರೆದುಕೊಟ್ಟ: ಪ್ರೋಗ್ರಾಮಿನಲ್ಲಿ ಯಾವ ದೋಷವೂ ಇಲ್ಲ, ಬಟನ್ನಿಗೂ ಬೆಂಕಿಗೂ ಸಂಬಂಧವಿಲ್ಲ, ಆಪರೇಟರ್ ಗಾಳಿಯ ಬಾಗಿಲನ್ನು ಕೈಯಿಂದ ಪೂರ್ತಿ ತೆರೆದಿಟ್ಟು ನಿದ್ದೆಹೋಗಿದ್ದರಿಂದ ಹೀಗಾಗಿದೆ.

ಮೊದಲ ದಿನವೇ ನನಗೆ ಸೇಡು ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಮೊದಲ ಐದು ದಿನ ಇದ್ದದ್ದು ಬರೀ ಭಯ, ಅದೂ ನನ್ನ ಬಗ್ಗೆಯೇ. ಬರೆದವಳು ನಾನು. ನೂರು ಸಲ ಒತ್ತಿ ಎಂದವಳೂ ನಾನು. ನಿದ್ದೆ ಹೊರಟುಹೋಯಿತು. ಕಣ್ಣು ಮುಚ್ಚಿದರೆ ಮೂರನೇ ಸಾಲು, ತೊಂಬತ್ತು ಇರಬೇಕಾದ ಜಾಗ. ನನ್ನ ಬಳಿಯಿದ್ದ ಕಾಪಿಯನ್ನು ಅಂಗಡಿಯಲ್ಲಿ ಓಡಿಸಿ, ಕಾಲಿಂಗ್ ಬೆಲ್ಲಿನ ಬಟನ್ ಒಂದನ್ನು ಜೋಡಿಸಿ, ಸಮಯ ಸಿಕ್ಕಾಗಲೆಲ್ಲ ಮೂರು ಮೂರು ಸಲ ಒತ್ತಿದೆ. ಬೆರಳ ತುದಿ ಕೆಂಪಾಯಿತು. ಅಂಕಿ ತೊಂಬತ್ತೇ, ಒಂದು ಸಲವೂ ಅಲುಗಲಿಲ್ಲ.

ಆರನೇ ದಿನ ಮಾದೇವಣ್ಣನ ಮನೆಗೆ ಹೋದೆ. ಪೇಟೆಯಿಂದ ಸ್ವಲ್ಪವೇ ದೂರದ ಊರು. ಮೈಸೂರಿನ ಆಸ್ಪತ್ರೆಯಿಂದ ಆಗಲೇ ಕರೆತಂದಿದ್ದರು. ಬಲಗೈ ಮೊಣಕೈವರೆಗೆ ಬ್ಯಾಂಡೇಜು, ಎಡಗೈಯಲ್ಲಿ ಹೆಬ್ಬೆರಳೊಂದೇ ಹೊರಗೆ. ಪುಟ್ಟತಾಯಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ನನ್ನನ್ನು ನೋಡಿ, “ಬಾರವ್ವ ಗಿರಿಜವ್ವ. ನೋಡು, ಐವತ್ತು ವರ್ಸಕ್ಕೆ ಮತ್ತೆ ಕೂಸಾಗ್ಬುಟ್ಟೆ” ಎಂದು ಮಾದೇವಣ್ಣ ನಕ್ಕರು. ನಾನು ಅತ್ತೆ.

“ಅಳಬ್ಯಾಡ. ಕೈಗಲ್ಲ ನಂಗೆ ಸಂಕ್ಟ. ನಾನು ನಿದ್ದೆ ಮಾಡ್ತಿದ್ದೆ ಅಂತ ಬರೆದವ್ರಂತೆ. ಇಪ್ಪತ್ತೆರಡು ವರ್ಸ ಬೆಂಕಿ ಮುಂದೆ ಕೂತೋನು ಕಣವ್ವ ನಾನು. ಮೈ ಉಸಾರಿಲ್ದಾಗ್ಲೂ ಕಣ್ಣು ಮುಚ್ಚುದೋನಲ್ಲ.”

“ಸೋಮವಾರ ವಿಚಾರ್ಣೆಯಂತೆ” ಎಂದು ಪುಟ್ಟತಾಯಮ್ಮ ಮುದ್ದೆ ಕೆಳಗಿಟ್ಟರು. “ತಪ್ಪು ನಂದೇ ಅಂತ ಒಪ್ಕೊಂಡು ಎಬ್ಬೆಟ್ಟು ಒತ್ತಿದ್ರೆ ಗೇಟು ಕಾಯೋ ಕೆಲ್ಸ ಕೊಡ್ತಾರಂತೆ. ಇಲ್ದಿದ್ರೆ ಕೆಲ್ಸವೂ ಇಲ್ಲ, ಪೊಲೀಸ್ ಕಂಪ್ಲೇಂಟಂತೆ. ಇವ್ರು ರುಜು ಮಾಡೋರು. ಬಲಗೈ ಬೆಂದದೆ ಅಂತ ಎಡಗೈ ಎಬ್ಬೆಟ್ಟಿಗೆ ಇಂಕು ತಂದಿದ್ರು. ಮನೆಬಾಗಲಿಗೆ ಬಂದು ನಿಂತವ್ರೆ, ಇಂಕು ಇಟ್ಕೊಂಡು!”

ಎದ್ದು ಹೊರಡುವಾಗ ನನ್ನ ಕಣ್ಣು ದೇವರ ಗೂಡಿಗೆ ಹೋಯಿತು. ಕಂಟ್ರೋಲ್ ರೂಮಿನಲ್ಲಿದ್ದ ಅದೇ ಮಾದಪ್ಪನ ಫೋಟೊ. ಅದರ ಹಿಂದಿನಿಂದ ಕಪ್ಪು ಮೂಲೆಯೊಂದು ಇಣುಕುತ್ತಿತ್ತು.

“ವೊಗೆ ಇಡ್ದಿತ್ತು ಮಾದಪ್ಪನ ಮಕಕ್ಕೆ. ಒರೆಸಿ ಇಟ್ಕಳನ ಅಂತ ಮನೆಗೆ ತಂದೆ. ಅದೂ ಜತೇಲೇ ಬಂತು” ಎಂದರು ಪುಟ್ಟತಾಯಮ್ಮ. ದಿನಕರ ಚೀಲಕ್ಕೆ ತುಂಬಿಕೊಳ್ಳುವಾಗ ಮರೆತ ಫ್ಲಾಪಿ. ವಿಭೂತಿಯ ಕೆಳಗೆ ನನ್ನದೇ ಅಕ್ಷರ. ಅವರನ್ನು ಕೇಳಿ ಇಸಿದುಕೊಂಡು ಬಂದೆ.

ಮರುದಿನ ದಿನಕರ ಸಾಮಾನು ತರಲು ಮೈಸೂರಿಗೆ ಹೋಗಿದ್ದ. ಅವನ ಅಂಗಡಿಯಲ್ಲಿ, ಅವನ ಮೇಜಿನ ಮೇಲೆ, ಅವನ ಕುರ್ಚಿಯಲ್ಲಿ ಕೂತು ಆ ಫ್ಲಾಪಿ ಹಾಕಿದೆ. ಫೈಲಿನ ಹೆಸರಿನ ಮುಂದೆ ಭಾನುವಾರದ ತಾರೀಕು. ನಾನು ಕೊಟ್ಟದ್ದು ಶುಕ್ರವಾರ. ನನ್ನ ಕಾಪಿಯ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಎಲ್ಲವೂ ಅದೇ, ಆ ಎಂಟು ಸಾಲು ಮಾತ್ರ ಇಲ್ಲ. ನಿಧಾನವಾಯಿತೆಂದೋ, ನಡುವೆ ಯಾರು ಗಂಟೆ ಬಾರಿಸುತ್ತಾರೆಂದೋ, ನನ್ನನ್ನು ಒಂದು ಮಾತೂ ಕೇಳದೆ ಅಳಿಸಿದ್ದ. ಅದನ್ನೇ ಓಡಿಸಿ ಬಟನ್ ಒತ್ತುತ್ತಾ ಹೋದೆ. ಬಹಳ ಹೊತ್ತು ತೊಂಬತ್ತು. ಒಮ್ಮೆ ಸೊನ್ನೆ, ಹಸಿಯಾಗೇ ಬಂದ ಹೂವಿನ ಕಾರಣ ತಿಳಿಯಿತು. ಇನ್ನೂ ಒತ್ತಿದೆ. ಮಧ್ಯಾಹ್ನ ಊಟದ ಹೊತ್ತಿಗೆ, ಮೂರನೇ ಸಾಲಿನಲ್ಲಿ, ಆರುನೂರ ಐವತ್ತೈದು. ಬೇರೆ ಬೀರುವಿನ ಅಂಕಿ. ಸಾಕ್ಷಿ ಸಿಕ್ಕಿತೆಂದು ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಅದಲ್ಲ. ಮೈಯೆಲ್ಲ ತಣ್ಣಗಾಗಿ, ಅವನನ್ನು ಹೇಗೆ ಕೆಡವುವುದು ಎಂಬ ಒಂದೇ ಯೋಚನೆ ಉಳಿಯಿತು.

ಆದರೂ ಒಂದು ಸಂಶಯ ಇತ್ತು. ತಾನು ಅಳಿಸಿದ್ದರಿಂದಲೇ ಬೆಂಕಿ ಬಿತ್ತೆಂದು ಅವನಿಗೆ ಗೊತ್ತೇ? ಅದು ತಿಳಿದದ್ದು ಭಾನುವಾರ. ಹೂವು ತೊಟ್ಟಿಯಲ್ಲಿ ಕೊಳೆಯುತ್ತಿದೆ, ಸೋಮವಾರ ಡ್ರೈಯರ್ ಉರಿಯಲೇಬೇಕು ಎಂದು ಮ್ಯಾನೇಜರ್ ಹಟ ಹಿಡಿದಿದ್ದರು. ದಿನಕರ ನನ್ನನ್ನು ಕಳಿಸಿದ. “ವೈರಿಂಗ್ ನೋಡಿ ಆನ್ ಮಾಡು ಸಾಕು. ಪ್ರೋಗ್ರಾಮ್ ಮುಟ್ಟಬೇಡ. ಬದಲಾಯಿಸಿದ್ರೆ ತಪ್ಪು ನಮ್ಮದೇ ಅಂದಂಗಾಗ್ತದೆ” ಎಂದ. ಹೋಗಿ ನೋಡಿದರೆ ಹಸಿರು ಬಟನ್ನಿನ ಮೇಲೆ ಹೊಸದಾಗಿ ಒಂದು ಸ್ಟಿಕರ್. ಅವನದೇ ಕೈಬರಹ: ‘ಒಂದೇ ಸಲ ಒತ್ತಿ.’

ಬಟನ್ನಿಗೂ ಬೆಂಕಿಗೂ ಸಂಬಂಧವಿಲ್ಲ ಎಂದು ವರದಿ ಬರೆದ ಕೈ. ಗೊತ್ತಿದ್ದೂ, ಆ ಹದಿನಾಲ್ಕು ಹೆಂಗಸರ ಮುಂದೆ ಅದೇ ಕೆಟ್ಟ ಪ್ರೋಗ್ರಾಮನ್ನು ಬಿಟ್ಟು, ಮೇಲೊಂದು ಚೀಟಿ ಅಂಟಿಸಿ ಹೋಗಿದ್ದ. ನಾನು ನನ್ನ ಕಾಪಿಯನ್ನು ಕಂಪ್ಯೂಟರಿಗೆ ಹಾಕಿದೆ. ಎಂಟು ಸಾಲೂ ಒಳಗೆ ಹೋದವು. ಸ್ಟಿಕರನ್ನು ಹಾಗೆಯೇ ಬಿಟ್ಟೆ. ಯಾರಿಗೂ ಹೇಳಲಿಲ್ಲ.

ನೇರವಾಗಿ ಎರಡು ಫ್ಲಾಪಿ ತೋರಿಸಿ ಮ್ಯಾನೇಜರಿಗೆ ವಿವರಿಸಬಹುದಿತ್ತು. ‘ಆ ಸಾಲು ಮೊದಲೇ ಇರಲಿಲ್ಲ, ಈಗ ಸೇರಿಸಿಕೊಂಡು ಬಂದಿದ್ದಾಳೆ’ ಎಂದು ಅವನು ತಪ್ಪಿಸಿಕೊಳ್ಳುತ್ತಿದ್ದ ಎಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ಅವನು ಹೆದರುವುದನ್ನು ನಾನು ನೋಡಬೇಕಿತ್ತು.

ಸೋಮವಾರ ಬೆಳಿಗ್ಗೆ ಒಲೆ ಉರಿಯುತ್ತಿತ್ತು, ಡ್ರಮ್ಮು ತಿರುಗುತ್ತಿತ್ತು, ಹೂವು ತುಂಬಿಯಾಗಿತ್ತು. ಕಂಟ್ರೋಲ್ ರೂಮಿನಲ್ಲಿ ಮ್ಯಾನೇಜರ್, ದಿನಕರ, ಮಾದೇವಣ್ಣ, ಪುಟ್ಟತಾಯಮ್ಮ. ಬಾಗಿಲ ಬಳಿ ಕೆಲಸದ ಹೆಂಗಸರು. ಮೇಜಿನ ಮೇಲೆ ಕಾಗದ, ಪಕ್ಕದಲ್ಲಿ ಇಂಕಿನ ಡಬ್ಬಿ.

“ಇನ್ನೇನು, ಬೇಗ ಮುಗಿಸೋಣ” ಎಂದರು ಮ್ಯಾನೇಜರ್.

“ಒಂದು ನಿಮಿಷ ಸರ್” ಎಂದೆ. ಬಟನ್ನಿನ ಮೇಲಿನ ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ, ಕಿತ್ತು, ಇಂಕಿನ ಡಬ್ಬಿಯ ಪಕ್ಕದಲ್ಲಿ ಅಂಟಿಸಿದೆ. “ದಿನಕರ್ ಸರ್, ಬಟನ್ನಿಗೂ ಬೆಂಕಿಗೂ ಸಂಬಂಧ ಇಲ್ಲ ಅಂತ ಬರೆದಿದ್ದೀರಿ. ನೀವೇ ಮೂರು ಸಲ ಒತ್ತಿ ಶುರುಮಾಡಿ. ಮಾದೇವಣ್ಣ ಒತ್ತೋ ಹಾಗೆ.”

ದಿನಕರ ನಕ್ಕ. “ಇದೆಲ್ಲಾ ಯಾಕೆ ಈಗ?”

“ಪ್ರೋಗ್ರಾಮ್ ನೀವು ಹಾಕಿದ ಹಾಗೇ ಇದೆ ತಾನೇ? ಮುಟ್ಟಬೇಡ ಅಂದಿದ್ರಲ್ಲ.” ಸುಳ್ಳು ಹೇಳದೆಯೇ ಹೇಳಿದ ಸುಳ್ಳು ಅದು. ಈವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

“ಒತ್ತಿ, ಅದ್ರಲ್ಲೇನು” ಎಂದರು ಮ್ಯಾನೇಜರ್. ಅವರಿಗೆ ಏನೂ ಅರ್ಥವಾಗಿರಲಿಲ್ಲ.

ದಿನಕರ ಬಟನ್ನಿನ ಹತ್ತಿರ ಬಂದ. ಗಾಜಿನ ಆಚೆ ಡ್ರಮ್ಮು ಉರುಳುತ್ತಿತ್ತು. ನಾನು ಹೊರಗೆ ಹೋಗಿ, ಸುಟ್ಟ ಗುರುತಿದ್ದ ಆ ಕಬ್ಬಿಣದ ಹಿಡಿಯ ಪಕ್ಕದಲ್ಲಿ, ಡ್ರಮ್ಮಿನ ಬಾಯಿಗೆ ಎದುರಾಗಿ ನಿಂತುಕೊಂಡೆ. ಅಲ್ಲಿಂದ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಒಂದು ಸಲ ಒತ್ತಿದ. ಕೈ ಹಿಂದಕ್ಕೆ ಎಳೆದುಕೊಂಡ. “ಇನ್ನೂ ಎರಡು” ಎಂದು ಕೂಗಿದೆ. ಅವನ ಬೆರಳು ಮುಂದಕ್ಕೆ ಬಂತು, ಬಟನ್ನಿನ ಮೇಲೆ ಇಳಿಯಲಿಲ್ಲ. ಮೂಗಿನ ಮೇಲೆ ಬೆವರು. ಬಾಗಿಲ ಕಡೆ, ಹೆಂಗಸರ ಕಡೆ, ಎಷ್ಟು ಹೆಜ್ಜೆ ಎಂದು ಅಳೆಯುವಂತೆ ನೋಡಿದ. ನಾನು ಕಣ್ಣು ತುಂಬ ನೋಡಿದೆ. ಹನ್ನೊಂದು ದಿನದ ಎಚ್ಚರಕ್ಕೆ ಅದು ನನ್ನ ಕೂಲಿ ಎಂಬಂತೆ ನೋಡಿದೆ.

“ಯಾಕ್ರೀ?” ಎಂದರು ಮ್ಯಾನೇಜರ್. ಈಗ ಅವರ ದನಿ ಬೇರೆಯಾಗಿತ್ತು.

“ಬೇಡ ಸರ್. ಹಾಗೆ ಒತ್ತಬಾರದು” ಎಂದ ದಿನಕರ. ಅಷ್ಟೇ ಸಾಕಾಗಿತ್ತು.

ಆಗ ಮಾದೇವಣ್ಣ ಎದ್ದರು. ಬ್ಯಾಂಡೇಜಿನ ಹೊರಗಿದ್ದ ಎಡಗೈ ಹೆಬ್ಬೆರಳನ್ನು ಮುಂದೆ ಮಾಡಿಕೊಂಡು ಬಂದು, “ಸರೀರಿ ಅತ್ಲಾಗಿ” ಎಂದು ದಿನಕರನನ್ನು ಪಕ್ಕಕ್ಕೆ ಸರಿಸಿದರು. ದಿನಕರನ ಒಂದು ಒತ್ತಿಗೆ ಶುರುವಾಗಿದ್ದ ಸರದಿಯನ್ನು ಮೊದಲು ನಿಲ್ಲಿಸಿದರು. “ಮಾದಪ್ಪಾ, ಮಾದಪ್ಪಾ, ಮಾದಪ್ಪಾ.” ಇಂಕು ಹಚ್ಚಲು ಬಂದಿದ್ದ ಹೆಬ್ಬೆರಳು ಬಟನ್ನಿನ ಮೇಲೆ ಮೂರು ಸಲ ಕೂತು ಎದ್ದಿತು. ಬಾಗಿಲ ಬಳಿಯಿದ್ದ ಹೆಂಗಸರು ಕಿರುಚಿಕೊಂಡು ಅಂಗಳಕ್ಕೆ ಓಡಿದರು. ನಾನು ಒಳಗೆ ಬಂದೆ. ಪರದೆಯ ಮೇಲೆ ಮೂರೂ ಸಾಲು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಮೂರನೆಯದು ತೊಂಬತ್ತು.

ಎರಡು ಫ್ಲಾಪಿಗಳನ್ನು ಮೇಜಿನ ಮೇಲಿಟ್ಟೆ. ಅಟೆಂಡರ್, ಬೀರು, ಚೀಟಿ, ಗಂಟೆ ಎಂದು ಹೇಳತೊಡಗಿದಾಗ ಮ್ಯಾನೇಜರ್ ಅರ್ಧವನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ದಿನಕರನ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಇಂಕಿನ ಡಬ್ಬಿಯ ಮುಚ್ಚಳ ಹಾಕಿ ಡ್ರಾಯರಿನೊಳಗೆ ಇಟ್ಟರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. “ಮಾದೇವ, ಕೈ ವಾಸಿ ಆಗೋವರ್ಗೂ ಬಂದು ಕೂತ್ಕೊ ಸಾಕು. ಆಸ್ಪತ್ರೆದು ಫ್ಯಾಕ್ಟ್ರಿ ನೋಡ್ಕೊಳ್ತದೆ” ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದಲೂ ಬರಲಿಲ್ಲ.

ಹೊರಗೆ ಪುಟ್ಟತಾಯಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. “ಸರಿ ಮಾಡಿದ್ದೀನಿ ಅಂತ ನಮ್ಗೊಂದು ಮಾತು ಏಳ್ಬೋದಾಗಿತ್ತಲ್ಲವ್ವ? ನನ್ನ ಗಂಡ ಬೆರಳು ಇಟ್ಟಾಗ ನನ್ನ ಜೀವ ಎಲ್ಲಿತ್ತು ಗೊತ್ತಾ ನಿಂಗೆ?”

ದಿನಕರನನ್ನು ಹೆದರಿಸಲು ಹೋಗಿ ಆ ಹದಿನಾಲ್ಕು ಜನರನ್ನು ನಾನು ಎರಡನೇ ಸಲ ಬೆಂಕಿಯಿಂದ ಓಡಿಸಿದ್ದೆ. ಗೆದ್ದ ಮೇಲೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅಂಕಿಯ ಜೊತೆಗೆ ಅವರ ಕಿರುಚಾಟವೂ ಕೇಳಿಸುತ್ತಿತ್ತು. ದಿನಕರನ ಅಂಗಡಿಯ ಕೆಲಸ ಅಂದೇ ಬಿಟ್ಟಿದ್ದೆ. ಸುತ್ತಮುತ್ತಲಿನ ಫ್ಯಾಕ್ಟರಿಗಳಿಗೆ ಸುದ್ದಿ ಹೋಗಿ ಒಂದೊಂದೇ ಕೆಲಸ ಅವನ ಕೈತಪ್ಪಿತು. ದೀಪಾವಳಿಯ ಹೊತ್ತಿಗೆ ಶಟರ್ ಎಳೆದ. ಆಮೇಲೆ ಬಹಳ ದಿನ ನಾನು ಬೇಕೆಂದೇ ಬಸ್ ಸ್ಟ್ಯಾಂಡಿನ ಹಿಂದಿನಿಂದ ಸುತ್ತಿ ಮನೆಗೆ ಹೋಗುತ್ತಿದ್ದೆ, ಆ ಮುಚ್ಚಿದ ಶಟರ್ ನೋಡಲು. ಈಗಲೂ ಅವನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕು ಎಂದು ಹೇಳಿದವರ ಜೊತೆ ಮಾತು ಬಿಟ್ಟಿದ್ದೇನೆ.

ಅದೇ ವರ್ಷ, ದೀಪಾವಳಿಗೂ ಮುಂಚೆ, ಗೌರಿಹಬ್ಬದ ಹಿಂದಿನ ದಿನ ಮಾದೇವಣ್ಣನ ಎಡಗೈ ಬ್ಯಾಂಡೇಜು ಬಿಚ್ಚಿದ್ದಾರೆ ಎಂದು ತಿಳಿದು ಮತ್ತೆ ಅವರ ಊರಿಗೆ ಹೋದೆ. ಅಂಗೈ ಗುಲಾಬಿ ಬಣ್ಣವಾಗಿತ್ತು, ಕೂಸಿನ ಅಂಗೈ ಹಾಗೆ. ಜಗಲಿಯ ಮೇಲೆ ಅವರ ಪಕ್ಕ ಕೂತು, ಅವತ್ತು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು ಎಂದೆ. ನೀವು ಒತ್ತಿದಾಗ ಏನಾಗುತ್ತದೋ ನಿಮಗೆ ಗೊತ್ತಿರಲಿಲ್ಲ, ಆದರೂ ಒತ್ತಿಸಿದೆ ಎಂದೆ.

“ಯಾಕ್ ಗೊತ್ತಿರ್ಲಿಲ್ಲ?” ಎಂದರು ಮಾದೇವಣ್ಣ. “ನಿನ್ನ ಕಂಪ್ಯೂಟ್ರು ನಂಗೆ ಓದಾಕೆ ಬರಾಕಿಲ್ಲ. ನೀನು ಎಲ್ಲಿ ನಿಂತಿದ್ದೆ ಅನ್ನೋದು ಕಾಣಾಕಿಲ್ವಾ? ಬೆಂಕಿ ಬಾಯಿಗೆ ಎದೆ ಕೊಟ್ಕೊಂಡು ನಿಂತಿದ್ದೆ. ಅಲ್ಲಿ ಉರೀತದೆ ಅಂದ್ರೆ ನೀನು ಅಲ್ಲಿ ಯಾಕ್ ನಿಂತ್ಕತಿದ್ದೆ?” ಆಮೇಲೆ ಒಳಗೆ ತಿರುಗಿ, “ಏ ಪುಟ್ಟತಾಯಿ, ಇವ್ಳಿಗೆ ಒಸಿ ಕಾಪಿ ಕಾಸ್ಕೊಡು. ಕಣ್ಣು ನೋಡು, ನಿದ್ದೆ ಕಾಣ್ದೆ ಗುಳಿ ಬಿದ್ದವೆ” ಎಂದರು.

“ಕಾಪಿ ಕುಡುದ್ರೆ ನಿದ್ದೆ ಬಂದಾತಾ? ಅನ್ನ ಉಣ್ಣು ಬಾ” ಎಂದು ಪುಟ್ಟತಾಯಮ್ಮ ಒಳಗಿನಿಂದಲೇ ಕೂಗಿದರು. ಆ ಕೂಗಿನಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಎಲೆ ಹಾಕಿಯಾಗಿತ್ತು. ಅವರೆಕಾಳು ಸಾರು, ಅನ್ನ, ಮೇಲೆ ತುಪ್ಪ. ಎರಡು ಸಲ ಬಡಿಸಿಕೊಂಡೆ.

ಸಂಜೆಯ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು, ಸೀರೆ ಕೂಡ ಬದಲಾಯಿಸದೆ ಚಾಪೆಯ ಮೇಲೆ ಒರಗಿದ್ದು ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ಅಡುಗೆಮನೆಯ ಹೊಸಿಲು ದಾಟಿ ಒಳಗೆ ಬಂದಿತ್ತು. ಅಮ್ಮ ಗೌರಿಯನ್ನು ಕೂರಿಸಿ, ಹೂವು ಏರಿಸಿ, ಮಂಗಳಾರತಿಯನ್ನೂ ಮುಗಿಸಿದ್ದರು. ಹಬ್ಬದ ದಿನ ಮನೆಮಗಳನ್ನು ಎಬ್ಬಿಸದೆ ಪೂಜೆ ಮಾಡಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ತಲೆ ಎತ್ತಿ ಗಡಿಯಾರ ನೋಡಿದೆ. ಹತ್ತು ಹದಿನೇಳು ಎಂದೋ ದಾಟಿಹೋಗಿತ್ತು.